ಹೆಸರಿನ ಜಾಗ ಖಾಲಿ

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ನಾನು ಮಾಡುವ ಮೊದಲ ಕೆಲಸ ಕಲ್ಲು ತೊಳೆಯುವುದು. ತಾಮ್ರದ ಬೋಗುಣಿಯನ್ನು ಹೊಸ್ತಿಲ ಹೊರಗೆ ಇಟ್ಟುಕೊಂಡು, ಒಂದೊಂದೇ ಕಲ್ಲನ್ನು ತೆಂಗಿನ ನಾರಿನಿಂದ ಉಜ್ಜಿ, ಎರಡು ನೀರು ಹಾಕಿ, ಹಳೆಯ ಬಿಳಿ ಪಂಚೆಯ ಮೇಲೆ ಹರಡುತ್ತೇನೆ. ತೊಳೆಯುವಾಗ ಮಾತಾಡಬಾರದು. ಒಳಗೆ ಅತ್ತೆ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿರುತ್ತಾಳೆ. ಎದುರು ಅಂಗಡಿಯ ಟೈಲರ್ ನಿಂಗರಾಜಣ್ಣ ತನ್ನ ಬೋಗುಣಿ ಹಿಡಿದು ಕುಕ್ಕರಗಾಲಲ್ಲಿ ಕೂತಿರುತ್ತಾನೆ. ಹಿಟ್ಟಿನ ಗಿರಣಿಯ ಪರ್ವತಪ್ಪನವರು ಮೆಟ್ಟಿಲ ಮೇಲೆ ತಮ್ಮದನ್ನು ತಿಕ್ಕುತ್ತಿರುತ್ತಾರೆ. ಇಡೀ ಬೀದಿಯಲ್ಲಿ ನೀರಿನ ಸದ್ದು, ನಾರಿನ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ. ನನಗೆ ದಿನದಲ್ಲಿ ಇಷ್ಟವಾದ ಹೊತ್ತು ಅದೊಂದೇ. ‘ಬಾಯಿ ಬಿಡೇ ದಾಕ್ಷಿ’ ಎಂದು ಯಾರೂ ಹೇಳದ ಹೊತ್ತು.

ನಮ್ಮ ಊರಿನಲ್ಲಿ ಮಾತು ಕೊಟ್ಟರೆ ಕಲ್ಲು ಬರುತ್ತದೆ. ‘ಶುಕ್ರವಾರ ಬನ್ನಿ, ರವಿಕೆ ಕೊಡ್ತೀನಿ’ ಅಂದರೆ ಸಾಕು, ಅಂದವರ ಅಂಗೈಯಲ್ಲಿ ಹುಣಸೆ ಬೀಜದಷ್ಟು ಕಲ್ಲೊಂದು ಬಂದು ಕೂರುತ್ತದೆ, ಆಗತಾನೇ ಇಟ್ಟ ಮೊಟ್ಟೆಯ ಹಾಗೆ ಬೆಚ್ಚಗೆ. ಮದುವೆ ರವಿಕೆಯಾದರೆ ನೆಲ್ಲಿಕಾಯಿಯಷ್ಟಿರುತ್ತದೆ. ಕೆಲಸ ಮುಗಿದು, ಕಲ್ಲು ಹೊತ್ತವರೇ ಗಿರಾಕಿಯ ಕೈಗೆ ಕೊಟ್ಟಾಗ ಕಲ್ಲು ಇಲ್ಲವಾಗಿ, ಅದು ಇದ್ದ ಕಡೆ ಒಂದು ಹನಿ ನೀರು ಉಳಿಯುತ್ತದೆ. ಬೇರೆಯವರು ಎತ್ತಿದರೆ ಅದು ಪುರಿಯಷ್ಟು ಹಗುರ. ಭಾರವೆಲ್ಲ ಮಾತು ಕೊಟ್ಟವರ ಬೆನ್ನಿಗೆ. ಕಲ್ಲನ್ನು ಬೋಗುಣಿಯಲ್ಲಿಟ್ಟರೂ ಬಾವಿಗೆ ಎಸೆದರೂ ಬೆನ್ನಿನ ಭಾರ ಇಳಿಯುವುದಿಲ್ಲ, ಹೇಳಿದ ದಿನ ಮೀರಿದರೆ ಏರುತ್ತ ಹೋಗುತ್ತದೆ. ಅದಕ್ಕೇ ನಮ್ಮಲ್ಲಿ ಯಾರೂ ಬಾಯಿಗೆ ಬಂದ ಹಾಗೆ ‘ನಾಳೆ ಬಾ’ ಅನ್ನುವುದಿಲ್ಲ. ‘ನೋಡಾಣ’ ಅನ್ನುತ್ತಾರೆ. ಹೆಣ್ಣು ನೋಡಲು ಬಂದವರು ಕೂಡ ‘ಆಗಬಹುದು’ ಎಂದು ಹೇಳಿ, ಅಂಗೈಯನ್ನೊಮ್ಮೆ ನೋಡಿಕೊಂಡೇ ಕಾಫಿ ಲೋಟ ಎತ್ತಿಕೊಳ್ಳುತ್ತಾರೆ.

ನನ್ನ ಅಂಗೈಗೆ ಒಂದು ಕಲ್ಲೂ ಬಂದಿರಲಿಲ್ಲ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಪ್ರತಿಯೊಬ್ಬರನ್ನೂ ಎಬ್ಬಿಸಿ, ‘ನಾಳೆ ಮಗ್ಗಿ ಒಪ್ಪಿಸ್ತೀಯಾ?’ ಎಂದು ಕೇಳುತ್ತಿದ್ದರು. ಎಲ್ಲರೂ ‘ಹ್ಞೂಂ ಸಾರ್’ ಎಂದು ಪುಟ್ಟ ಪುಟ್ಟ ಕಲ್ಲುಗಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ನನಗೆ ಮಗ್ಗಿ ಬರುತ್ತಿತ್ತು, ‘ಹ್ಞೂಂ’ ಅನ್ನುವುದು ಮಾತ್ರ ಬರುತ್ತಿರಲಿಲ್ಲ. ಬೆಂಚಿನ ಮೇಲೆ ನಿಂತು ನಿಂತು ಸಾಕಾಗಿ ಒಂದು ದಿನ ಸ್ಕೂಲಿಗೆ ಹೋಗುವುದನ್ನೇ ಬಿಟ್ಟೆ. ಅಪ್ಪ ತನ್ನ ಅಕ್ಕ ಗುರುಶಾಂತಮ್ಮನ ಟೈಲರಿಂಗ್ ಅಂಗಡಿಗೆ ತಂದು ಬಿಟ್ಟ. ಅತ್ತೆ ಮಾತು ಕೊಡುತ್ತಿದ್ದಳು, ನಾನು ಹೊಲಿಯುತ್ತಿದ್ದೆ. ಅವಳ ಮಾತು ಒಂದು ದಿನವೂ ತಪ್ಪಿದ್ದಿಲ್ಲ. ಆದರೆ ಹದಿನೆಂಟು ವರ್ಷದ ಕಲ್ಲುಗಳು ಅವಳ ಬೆನ್ನನ್ನು ಕುಡುಗೋಲಿನಂತೆ ಬಗ್ಗಿಸಿದ್ದವು. ಗಿರಾಕಿಗಳ ಕುತ್ತಿಗೆ ಅಳತೆ ತೆಗೆಯಬೇಕಾದರೆ ಅವರೇ ಸ್ಟೂಲಿನ ಮೇಲೆ ಕೂರಬೇಕಿತ್ತು.

ಸಂಹಿತಾ ಬಂದಿದ್ದು ಯುಗಾದಿ ಕಳೆದ ಮೇಲೆ. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಹೊರಗಿನ ಊರಿನವಳು. ಬೆನ್ನಿಗೆ ಚೀಲ, ಕೈಯಲ್ಲಿ ನೀರಿನ ಬಾಟಲಿ. ನೇರವಾಗಿ ಅಂಗಡಿಯೊಳಗೆ ಬಂದು, ಅತ್ತೆಯನ್ನು ನೋಡಿ, ‘ಆಂಟಿ, ಒಂದು ದಿನಕ್ಕೆ ಎಷ್ಟು ಸಲ ಫೋನಿಗೆ ಉತ್ತರ ಕೊಡ್ತೀರಾ?’ ಎಂದು ಕೇಳಿದಳು. ಅತ್ತೆ, ‘ಫೋನು ಬಡ್ಕೋತದೆ, ನಾನು ಬಡ್ಕೋತೀನಿ, ಯಾರು ಲೆಕ್ಕ ಇಟ್ಟವ್ರೆ?’ ಅಂದಳು. ಸಂಹಿತಾ ನಕ್ಕು, ಚೀಲದಿಂದ ಒಂದು ಟ್ಯಾಬ್ ತೆಗೆದಳು. ಅದರಲ್ಲಿದ್ದ ಸಾಫ್ಟ್‌ವೇರಿನ ಹೆಸರು ಸಲೀಸು. ಗಿರಾಕಿ ಏನು ಕೇಳಿದರೂ ಅದೇ ಉತ್ತರ ಕೊಡುತ್ತದೆ, ಅಳತೆ ನೆನಪಿಟ್ಟುಕೊಳ್ಳುತ್ತದೆ, ದಾರ ಮುಗಿಯುವ ಮುಂಚೆ ಹೇಳುತ್ತದೆ, ಯಾವ ರವಿಕೆ ಯಾವತ್ತು ಸಿಗುತ್ತದೆಂದು ತಾನೇ ತಾರೀಕು ಕೊಡುತ್ತದೆ ಎಂದಳು. ಕೊನೆಯ ಮಾತಿಗೆ ಅತ್ತೆ ಕತ್ತರಿ ಕೆಳಗಿಟ್ಟಳು. ‘ತಾರೀಕು ಅದು ಕೊಟ್ರೆ ಕಲ್ಲು ಯಾರಿಗೆ ಬತ್ತದೆ?’

ಸಂಹಿತಾಗೆ ಅರ್ಥವಾಗಲಿಲ್ಲ. ನಾನು ಬೋಗುಣಿ ತೋರಿಸಿದೆ. ಅವಳು ಒಂದು ಕಲ್ಲನ್ನು ಎತ್ತಿ, ಬೆಚ್ಚಗಿದೆಯಲ್ಲ ಎಂದು ಕೆನ್ನೆಗೆ ಒತ್ತಿಕೊಂಡು, ‘ಟ್ರೈ ಮಾಡಿ ನೋಡಿಬಿಡೋಣ’ ಅಂದಳು.

ಶುರು ಮಾಡಲು ಒಂದು ಪುಟ ತುಂಬಬೇಕಿತ್ತು. ಅತ್ತೆಗೆ ಕನ್ನಡಕ ಹಾಕಿದರೂ ಟ್ಯಾಬಿನ ಅಕ್ಷರ ಕಾಣುವುದಿಲ್ಲ, ನಾನೇ ತುಂಬಿದೆ. ಅಂಗಡಿಯ ಹೆಸರು, ಎಷ್ಟು ಮಿಷನ್ನು, ಎಷ್ಟು ಜನ, ದಿನಕ್ಕೆ ಎಷ್ಟು ರವಿಕೆ. ಕೊನೆಯಲ್ಲಿ ಒಂದು ಸಾಲು: ‘ಮಾತು ಯಾರ ಹೆಸರಿನಲ್ಲಿ?’ ಅದರ ಮುಂದೆ ಉದ್ದನೆಯ ಖಾಲಿ ಜಾಗ. ಸಂಹಿತಾ, ‘ಕಳಿಸೋ ಮೆಸೇಜಿನ ಕೆಳಗೆ ಆ ಹೆಸರು ಹೋಗುತ್ತೆ. ಕಡ್ಡಾಯ ಏನಿಲ್ಲ’ ಅಂದಳು. ನಾನು ‘ಗು’ ಎಂದು ಬರೆಯುವಷ್ಟರಲ್ಲಿ ಅತ್ತೆಯ ಬೆರಳು ನನ್ನ ಮಣಿಕಟ್ಟಿನ ಮೇಲೆ ಬಂತು. ನಾನು ‘ಗು’ವನ್ನು ಅಳಿಸಿ ಮುಂದಕ್ಕೆ ಹೋದೆ.

ಐದು ನಿಮಿಷದಲ್ಲಿ ಮೊದಲ ಗಿರಾಕಿ ಕೇಳಿದಳು. ಸಲೀಸು ಉತ್ತರ ಬರೆಯಿತು: ‘ಖಂಡಿತ ಅಕ್ಕ, ಗುರುವಾರ ಸಂಜೆ ಐದಕ್ಕೆ ನಿಮ್ಮ ರವಿಕೆ ಸಿದ್ಧ.’ ನಾವು ಮೂವರೂ ನಮ್ಮ ನಮ್ಮ ಅಂಗೈ ನೋಡಿಕೊಂಡೆವು. ಏನೂ ಇರಲಿಲ್ಲ. ಅತ್ತೆ ಎದ್ದು ಸೆರಗು ಕೊಡವಿದಳು, ಕುರ್ಚಿಯ ಕೆಳಗೆ ನೋಡಿದಳು, ಬೋಗುಣಿಯೊಳಗೆ ಕೈಯಾಡಿಸಿದಳು. ಆಮೇಲೆ ಹೊಸ್ತಿಲಿಗೆ ಬಂದು ಬೀದಿಯುದ್ದಕ್ಕೂ ಕೇಳುವಂತೆ ಕೂಗಿದಳು: ‘ಪರ್ವತಪ್ಪೋರೇ, ಬನ್ನಿ ಇಲ್ಲಿ! ಕಲ್ಲು ಬರಲಿಲ್ಲ!’

ಆ ವಾರ ಬೀದಿಯಲ್ಲಿ ಬೇರೆ ಮಾತೇ ಇರಲಿಲ್ಲ. ಪರ್ವತಪ್ಪನವರು ಗಿರಣಿಗೆ ಹಾಕಿಸಿಕೊಂಡರು. ನಿಂಗರಾಜಣ್ಣ ಹಾಕಿಸಿಕೊಂಡ. ಚಕ್ಕುಲಿ ಅಂಗಡಿಯವರು, ಇಸ್ತ್ರಿ ಅಂಗಡಿಯವರು ಎಲ್ಲರೂ ಹಾಕಿಸಿಕೊಂಡರು. ಒಲ್ಲೆ ಎಂದವನು ಫೋಟೊಗೆ ಕಟ್ಟು ಹಾಕುವ ಇಮಾಮಣ್ಣ ಒಬ್ಬನೇ. ಸಾಯಂಕಾಲ ಗಿರಣಿಯ ಜಗಲಿ ಮೇಲೆ ಅವನಿಗೂ ಪರ್ವತಪ್ಪನವರಿಗೂ ಪಂಚಾಯಿತಿ. ‘ಲೋ ಇಮಾಮು, ನಾನು ಎತ್ತಿನ ಗಾಣ ನೋಡ್ದೋನು. ಕರೆಂಟು ಬಂದಾಗ್ಲೂ ನಿಮ್ಮಪ್ಪ ಹಿಂಗೇ ಅಂತಿದ್ದ, ಹಿಟ್ಟಿಗೆ ರುಚಿ ಇರಕಿಲ್ಲ ಅಂತ. ಆಮೇಲೆ ಮೊದಲು ಚೀಲ ಹೊತ್ಕೊಂಡು ಬಂದೋನು ಅವನೇ.’ ‘ಅದು ಬೀಸ್ತಿತ್ತು ಯಜಮಾನ್ರೇ, ಮಾತು ಕೊಡ್ತಿರ್ಲಿಲ್ಲ.’ ‘ಮಾತು ಯಾರು ಕೊಟ್ರೇನು? ಗಿರಾಕಿಗೆ ಉತ್ತರ ಬೇಕು. ನೀನು ಒಂದು ಕಟ್ಟು ಹಾಕಾಕೆ ಮೂರು ದಿನ ಯೋಚ್ನೆ ಮಾಡ್ತೀಯ.’ ‘ನಂಗೆ ಬರೋದೇ ವಾರಕ್ಕೆ ಎರಡು ಫೋಟೊ. ಎರಡು ಕಲ್ಲು ಹೊರೋಕೆ ಮಿಷನ್ ಯಾಕೆ?’ ಅದಕ್ಕೆ ಪರ್ವತಪ್ಪನವರು ಜಗಲಿ ಅದುರುವಂತೆ ನಕ್ಕರು. ‘ಹಂಗನ್ನು! ವ್ಯಾಪಾರ ಇಲ್ದೋನಿಗೆ ವೇದಾಂತ ಜಾಸ್ತಿ.’ ಇಮಾಮಣ್ಣನೂ ನಕ್ಕ. ಆದರೆ ಎದ್ದು ಹೋಗುವಾಗ ನಮ್ಮ ಅಂಗಡಿಯ ಬೋಗುಣಿಯ ಮುಂದೆ ನಿಂತು, ‘ಇಷ್ಟು ಮಾತು ಹೋಗ್ತಾ ಅದೆ ದಾಕ್ಷಿ, ಕಲ್ಲು ಎಲ್ಲಾದ್ರೂ ಬೀಳ್ಬೇಕಲ್ಲವ್ವ?’ ಎಂದು ಕೇಳಿದ. ನಾನು ಬೋಗುಣಿಯನ್ನು ಒಳಗೆ ಎಳೆದುಕೊಂಡೆ.

ನಿಜ ಹೇಳಬೇಕೆಂದರೆ ನನಗೆ ಸಲೀಸು ಇಷ್ಟವಾಗಿತ್ತು. ಮುಖ ನೋಡಿ ಮಾತಾಡಬೇಕಾಗಿರಲಿಲ್ಲ. ಗಿರಾಕಿಗಳು ತೋಳಿನ ಚಿತ್ರ ಕಳಿಸುತ್ತಿದ್ದರು, ನಾನು ಬಟ್ಟೆಯ ಚಿತ್ರ ಕಳಿಸುತ್ತಿದ್ದೆ. ಹಳೆಯ ಪುಸ್ತಕದಿಂದ ನಾನು ತುಂಬಿಸಿದ್ದ ಮೂರು ವರ್ಷದ ಹಿಂದಿನ ಅಳತೆಯನ್ನು ಅದು ಚಿಟಿಕೆ ಹೊಡೆಯುವುದರೊಳಗೆ ತೆಗೆದುಕೊಡುತ್ತಿತ್ತು. ಹಸಿರು ದಾರ ಮುಗಿಯುತ್ತಿದೆ ಎಂದು ಮೊದಲೇ ಹೇಳುತ್ತಿತ್ತು, ಹಾಗಾಗಿ ಹಸಿರು ರವಿಕೆಗೆ ಕಪ್ಪು ದಾರ ಹಾಕಿ ಬೈಸಿಕೊಳ್ಳುವುದು ತಪ್ಪಿತು. ಒಂದೊಂದೇ ಹಳೆಯ ಕಲ್ಲು ಕರಗಿ ಅತ್ತೆಯ ಬೋಗುಣಿ ಬರಿದಾಯಿತು. ಅತ್ತೆಯ ಬೆನ್ನು ದಿನಕ್ಕೆ ಒಂದು ಎಳೆಯಷ್ಟು ನೆಟ್ಟಗಾಯಿತು. ಆಷಾಢದ ಹೊತ್ತಿಗೆ ಅವಳು ಸ್ಟೂಲು ಹತ್ತದೆ ಮೇಲಿನ ಹಲಗೆಯ ಡಬ್ಬಿಯನ್ನು ತೆಗೆದು, ಕನ್ನಡಿಯ ಮುಂದೆ ನಿಂತು, ‘ಏನೇ, ನಾನು ನಿಮ್ಮಪ್ಪನಿಗಿಂತ ಉದ್ದ ಇದೀನಿ!’ ಎಂದು ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಬೆಳಿಗ್ಗೆ ತೊಳೆಯಲು ಕಲ್ಲಿರಲಿಲ್ಲ. ನಾನು ಖಾಲಿ ಬೋಗುಣಿಯನ್ನೇ ತಿಕ್ಕಿ ಕವುಚಿ ಹಾಕುತ್ತಿದ್ದೆ. ಬೀದಿಯಲ್ಲಿ ಆ ಹೊತ್ತಿನಲ್ಲಿ ಎಲ್ಲರೂ ಮಾತಾಡತೊಡಗಿದ್ದರು.

ನಂಜಕ್ಕ ಮಾತು ನಿಲ್ಲಿಸಿದ್ದು ಆಗಲೇ. ನಂಜಕ್ಕ ಹಿಂದಿನ ಗಲ್ಲಿಯಲ್ಲಿರುವ ಒಂಟಿ ಹೆಂಗಸು. ನಾವು, ನಿಂಗರಾಜಣ್ಣ, ಮೂಲೆಯ ಲೇಡೀಸ್ ಟೈಲರು, ಮೂರೂ ಅಂಗಡಿಯ ರವಿಕೆಗಳಿಗೆ ಹೆಮ್ಮಿಂಗ್ ಮಾಡಿ ಹುಕ್ಕು ಹಾಕಿ ಕೊಡುವವಳು ಅವಳೇ. ಅವಳ ಹುಕ್ಕು ಕಿತ್ತುಬಂದಿದ್ದನ್ನು ಯಾರೂ ನೋಡಿಲ್ಲ. ನಾನು ರವಿಕೆಯ ಗಂಟು ಹೊತ್ತು ಹೋದಾಗಲೆಲ್ಲ, ‘ಬಂದ್ಲು ನಮ್ಮ ಮೂಗಬಸವಿ! ಮದುವೆ ಮಂಟಪದಾಗೆ ನಿನ್ನ ಬದಲು ಹ್ಞೂಂ ಅನ್ನಾಕೆ ನಾನೇ ಬರ್ಬೇಕು’ ಎಂದು ರೇಗಿಸುತ್ತಿದ್ದವಳು, ಈಗ ಅರ್ಧ ಬಾಗಿಲು ತೆಗೆದು ಗಂಟು ಇಸಿದುಕೊಂಡು ಮತ್ತೆ ಹಾಕಿಕೊಳ್ಳುತ್ತಿದ್ದಳು. ಬಾಗಿಲ ಸಂದಿಯಲ್ಲಿ ಅವಳ ಮುಖ ವಾರದಿಂದ ವಾರಕ್ಕೆ ಕೆಳಗಿಳಿಯುತ್ತಿತ್ತು. ಮೊದಲು ಚಿಲಕದ ಮಟ್ಟದಲ್ಲಿದ್ದ ಮುಖ, ಆಮೇಲೆ ಅಗುಳಿಗಿಂತ ಕೆಳಗೆ. ಇಂಥದ್ದು ನನ್ನ ಕಣ್ಣಿಗೆ ಬೀಳುತ್ತದೆ. ಮಾತಾಡದವರಿಗೆ ನೋಡುವುದಲ್ಲದೆ ಇನ್ನೇನು ಕೆಲಸ?

ಶ್ರಾವಣದ ಮೊದಲ ಸೋಮವಾರ ಮಧ್ಯಾಹ್ನ, ಹದಿನಾಲ್ಕು ರವಿಕೆ ಹೊತ್ತು ಹೋದವಳು ಬಾಗಿಲ ಸಂದಿಯಲ್ಲಿ ಕಾಲಿಟ್ಟು ನಿಂತೆ. ನನ್ನ ಜನ್ಮದಲ್ಲಿ ಒಬ್ಬರ ಮನೆ ಬಾಗಿಲಿಗೆ ಹಾಗೆ ಮಾಡಿದವಳಲ್ಲ. ನಂಜಕ್ಕ ಬಾಯಿಗೆ ಸೆರಗು ಬಿಗಿದು ಕಟ್ಟಿಕೊಂಡಿದ್ದಳು. ನನ್ನನ್ನು ತಳ್ಳಲು ನೋಡಿದಳು, ಆಗಲಿಲ್ಲ, ಗೋಡೆ ಹಿಡಿದು ಕುಸಿದು ಕೂತಳು. ನಾನು ಒಳಗೆ ಹೋಗಿ ಸೆರಗಿನ ಗಂಟು ಬಿಚ್ಚಿದೆ. ‘ಬಿಚ್ಚಬೇಡ ಕಣೇ, ಬಿಚ್ಚಬೇಡ’ ಎಂದು ಅತ್ತಳು. ‘ನಿದ್ದೆಗಣ್ಣಲ್ಲಿ ಯಾರ್ಯಾರಿಗೋ ಮಾತು ಕೊಡ್ತಾ ಇದೀನಿ. ಎದ್ದಾಗ ಮಡಿಲ ತುಂಬ ಕಲ್ಲು. ಹಗಲೂ ಬೀಳ್ತವೆ. ತೂಕಡಿಸ್ತೀನೋ ಏನೋ, ನಂಗೇ ತಿಳೀದು. ಯಾರಿಗೆ ಏನಂದೆ ಅಂತ ಗೊತ್ತಿದ್ರೆ ತೀರಿಸ್ಬಹುದು. ಗೊತ್ತೇ ಇಲ್ಲದ ಮಾತ್ನ ಹೆಂಗೆ ತೀರಿಸ್ಲಿ?’ ಅವಳು ರಾಗಿ ಡಬ್ಬದ ಕಡೆ ಕೈ ತೋರಿಸಿದಳು. ಮುಚ್ಚಳ ತೆಗೆದರೆ ರಾಗಿ ಇರಲಿಲ್ಲ. ಕಂಠದವರೆಗೆ ಕಲ್ಲು. ಹುಣಸೆ ಬೀಜದಂಥವು, ನೆಲ್ಲಿಕಾಯಿಯಂಥವು. ಎಲ್ಲವೂ ಬೆಚ್ಚಗಿದ್ದವು.

ನಮ್ಮ ಊರಿನಲ್ಲಿ ತೀರಿಸದ ಕಲ್ಲು ಮನೆಯಲ್ಲಿದೆ ಎಂದು ಹೇಳಿಕೊಳ್ಳುವುದಕ್ಕಿಂತ ದೊಡ್ಡ ನಾಚಿಕೆ ಇಲ್ಲ. ನಾಲ್ಕು ತಿಂಗಳು ಅವಳು ಅದನ್ನು ಬಚ್ಚಿಟ್ಟುಕೊಂಡು, ರಾಗಿಯನ್ನು ಹರಿವಾಣದಲ್ಲಿ ಸುರಿದುಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಬದುಕಿದ್ದಳು.

ನಾನು ಅವಳ ಪಕ್ಕದಲ್ಲಿ ಕೂತೆ. ಟ್ಯಾಬ್ ನನ್ನ ಕೈಯಲ್ಲೇ ಇತ್ತು, ಹೊರಗೆ ಹೋದಾಗಲೂ ಗಿರಾಕಿಗಳ ಚಿತ್ರ ನೋಡಲು ಒಯ್ಯುತ್ತಿದ್ದೆ. ಅದು ಟಿಂಗ್ ಎಂದಿತು. ಯಾರೋ ರೇಷ್ಮೆ ರವಿಕೆ ಕೇಳಿದ್ದರು. ‘ಖಂಡಿತ ಮೇಡಂ, ಬುಧವಾರ ಬೆಳಿಗ್ಗೆ ಹತ್ತಕ್ಕೆ ಸಿದ್ಧ’ ಎಂದು ಸಲೀಸು ಬರೆಯಿತು. ಅದೇ ಗಳಿಗೆಯಲ್ಲಿ ನಂಜಕ್ಕ ‘ಅವ್ವಾ’ ಎಂದಳು. ಅವಳ ಮಡಿಲಲ್ಲಿ ನೆಲ್ಲಿಕಾಯಿಯಷ್ಟು ಕಲ್ಲೊಂದು ಕೂತಿತ್ತು. ನಾವಿಬ್ಬರೂ ಅದನ್ನೇ ನೋಡಿದೆವು. ಮತ್ತೆ ಟಿಂಗ್. ಹುಣಸೆ ಬೀಜದಂಥದ್ದು ಇನ್ನೊಂದು. ಆಮೇಲೆ ಟಿಂಗ್ ಇಲ್ಲದೆಯೂ ಒಂದು ಬಿತ್ತು. ಅದು ನಿಂಗರಾಜಣ್ಣನ ಅಂಗಡಿಯದೋ ಮೂಲೆಯ ಅಂಗಡಿಯದೋ ಇರಬೇಕು. ಯಜಮಾನರಿಲ್ಲದ ಮಾತೆಲ್ಲ ಕೊನೆಯ ಹೊಲಿಗೆ ಹಾಕುವ ಕೈಯನ್ನು ಹುಡುಕಿಕೊಂಡು ಬಂದಿತ್ತು. ರವಿಕೆಯನ್ನು ಗಿರಾಕಿಗೆ ಕೊಡುವ ಕೈ ಅವಳದಲ್ಲದ್ದರಿಂದ ಒಂದೂ ಕರಗಿರಲಿಲ್ಲ.

‘ನೀನು ಯಾರಿಗೂ ಮಾತು ಕೊಟ್ಟಿಲ್ಲ ನಂಜಕ್ಕ’ ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ನನ್ನ ಬಾಯಲ್ಲಿ ಅಷ್ಟುದ್ದದ ಮಾತು ಅವಳು ಕೇಳಿರಲಿಲ್ಲ. ಮುಂದಿನದನ್ನು ನಾನು ಯೋಚಿಸಿ ಹೇಳಿದ್ದಲ್ಲ. ‘ಇನ್ಮೇಲೆ ಇವು ನಿನ್ನ ಮೇಲೆ ಬೀಳದ ಹಾಗೆ ಮಾಡ್ತೀನಿ.’

ಬಲಗೈ ಬೆಚ್ಚಗಾಯಿತು. ನಿಂಬೆಹಣ್ಣಿನಷ್ಟು ದೊಡ್ಡ ಕಲ್ಲು. ಯಾರೋ ಹಿಂದಿನಿಂದ ಬಂದು ಎರಡೂ ಹೆಗಲಿಗೆ ಕೈಯೂರಿ ನಿಂತ ಹಾಗಾಯಿತು. ನಂಜಕ್ಕ ಕಣ್ಣೊರೆಸಿಕೊಂಡು, ‘ಅಯ್ಯೋ ಹುಚ್ಚು ಮುಂಡೇದೆ, ಮೊದಲನೇ ಮಾತ್ನೇ ಇಷ್ಟು ದಪ್ಪಂದು ಕೊಟ್ಟೆಯಲ್ಲೇ’ ಅಂದಳು. ಎಷ್ಟೋ ದಿನದ ಮೇಲೆ ಅವಳು ನನ್ನನ್ನು ಬೈದಿದ್ದು.

ಅಂಗಡಿಗೆ ಹೋದವಳೇ ಸಲೀಸು ತಾನಾಗಿ ತಾರೀಕು ಕೊಡುವುದನ್ನು ನಿಲ್ಲಿಸಿದೆ. ಅಳತೆ, ಚಿತ್ರ, ದಾರದ ಲೆಕ್ಕ ಎಲ್ಲವೂ ಹಾಗೇ ಇತ್ತು, ತಾರೀಕು ಮಾತ್ರ ಇಲ್ಲ. ‘ಯಾವಾಗ ಸಿಗುತ್ತೆಂದು ಅಂಗಡಿಯವರೇ ಹೇಳುತ್ತಾರೆ’ ಎಂದು ಬರೆಯುವಂತೆ ಮಾಡಿದೆ. ಎರಡನೇ ದಿನ ಅತ್ತೆಗೆ ಗೊತ್ತಾಯಿತು. ಕೈಯಲ್ಲಿ ಚಾಕ್ ಹಿಡಿದುಕೊಂಡು ಬಂದು ನಿಂತಳು. ‘ನಿನ್ನೆಯಿಂದ ಆರು ಜನ ನಿಂಗರಾಜನ ಕಡೆಗೆ ಹೋದ್ರು. ಅವನು ಕೇಳಿದ ಕೂಡ್ಲೆ ತಾರೀಕು ಕೊಡ್ತಾನೆ. ಏನು ಮಾಡಿದ್ಯೇ ಅದಕ್ಕೆ?’ ನಾನು ನಂಜಕ್ಕನ ವಿಷಯ ಹೇಳಿದೆ. ಹೇಳಲು ಬಹಳ ಹೊತ್ತು ಹಿಡಿಯಿತು. ಅತ್ತೆ ಮಿಷನ್ನಿನ ಮುಂದೆ ಕೂತು, ಕಾಲಿನಿಂದ ಖಾಲಿ ಮಿಷನ್ನನ್ನೇ ಸ್ವಲ್ಪ ಹೊತ್ತು ತುಳಿದಳು. ‘ಹದಿನೆಂಟು ವರ್ಷ ಹೊತ್ತೆ ಕಣೇ’ ಅಂದಳು. ‘ನೆಲ ಬಿಟ್ಟು ಬೇರೇನೂ ಕಂಡಿರ್ಲಿಲ್ಲ ನಂಗೆ. ಈಗ ಬೀದಿಯಲ್ಲಿ ಹೋಗೋರ ಮುಖ ಕಾಣ್ತದೆ. ಅದನ್ನ ಬಿಟ್ಕೊಡು ಅಂತೀಯಾ?’ ‘ಅವಳಿಗೆ ಈಗ ನೆಲ ಮಾತ್ರ ಕಾಣೋದು ಅತ್ತೆ.’ ‘ನಾನು ಹೊರಿಸಿದ್ನೇನೇ? ಮಿಷನ್ ಹೊರಿಸ್ತು. ಅದನ್ನ ಕೇಳು ಹೋಗು.’ ‘ಹೆಸರು ಬರೀಬೇಡ ಅಂದಿದ್ದು ಮಿಷನ್ ಅಲ್ಲ.’ ಅತ್ತೆ ಚಾಕನ್ನು ಕೆಳಗಿಟ್ಟು, ಅದು ಉರುಳಿ ನೆಲಕ್ಕೆ ಬೀಳುವುದನ್ನು ನೋಡುತ್ತ ಕೂತಳು. ತಾರೀಕನ್ನು ಮತ್ತೆ ಹಾಕು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ನಮ್ಮೊಂದು ಅಂಗಡಿ ನಿಲ್ಲಿಸಿದ್ದರಿಂದ ನಂಜಕ್ಕನ ಭಾರವೇನೂ ಇಳಿಯಲಿಲ್ಲ. ನಮ್ಮಿಂದ ಹೋದ ಆರು ಗಿರಾಕಿಗಳ ಕಲ್ಲುಗಳು ನಿಂಗರಾಜಣ್ಣನ ಟ್ಯಾಬಿನಿಂದ ಅದೇ ಮಡಿಲಿಗೆ ಬಿದ್ದವು. ನನ್ನ ನಿಂಬೆಹಣ್ಣಿನ ಕಲ್ಲು ಒಂದು ಚೂರೂ ಕರಗಿರಲಿಲ್ಲ. ನಾನು ಹಿಂದಿನ ಗಲ್ಲಿಗಳಲ್ಲಿ ಸುತ್ತಾಡಿದೆ. ಗಿರಣಿಯ ಹಿಂದೆ ಹಿಟ್ಟಿನ ಚೀಲದ ಬಾಯಿ ಹೊಲಿಯುವ ಮುದುಕ, ಚಕ್ಕುಲಿ ಅಂಗಡಿಯ ಹಿತ್ತಲಲ್ಲಿ ಪೊಟ್ಟಣ ಕಟ್ಟುವ ಅಕ್ಕತಂಗಿಯರು, ಎಲ್ಲರೂ ಬಗ್ಗಿ ನಡೆಯುತ್ತಿದ್ದರು, ಎಲ್ಲರ ಮನೆಯಲ್ಲೂ ಮುಚ್ಚಿಟ್ಟ ಒಂದು ಡಬ್ಬವಿತ್ತು, ಎಲ್ಲರೂ ತಪ್ಪು ತಮ್ಮದೇ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದರು. ಮುಂದಿನ ಬೀದಿಯಲ್ಲಿ ಮಾತ್ರ ಎಲ್ಲರೂ ನೆಟ್ಟಗೆ ನಿಂತು ಹರಟೆ ಹೊಡೆಯುತ್ತಿದ್ದರು.

ಈ ವಿಷಯ ನಾನು ಹೇಳಿದ್ದು ಇಮಾಮಣ್ಣನಿಗೆ. ಅವನು ಗಾಜು ಕೊಯ್ಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದ. ‘ನಾನು ಹೇಳಿದ್ರೆ ವ್ಯಾಪಾರ ಇಲ್ದೋನ ಹೊಟ್ಟೆಕಿಚ್ಚು ಅಂತಾರೆ. ಭಾನುವಾರ ಆ ಸಲೀಸು ಹುಡುಗಿ ಟ್ಯಾಬ್ ನೋಡೋಕೆ ಬರ್ತಾಳೆ, ಗಿರಣಿ ಮುಂದೆ ಎಲ್ರೂ ಟ್ಯಾಬ್ ತಗೊಂಡು ಸೇರ್ತಾರೆ. ನೀನೇ ಹೇಳ್ಬೇಕು ಮಗಳೇ.’ ‘ನಂಗೆ ಅಷ್ಟು ಜನದ ಮುಂದೆ ಬರಲ್ಲ’ ಅಂದೆ. ಅವನು ನನ್ನ ಕೈಯಲ್ಲಿದ್ದ ಕಲ್ಲನ್ನು ನೋಡಿ, ‘ಬರಲ್ಲ ಅನ್ನೋಳು ಇದನ್ನ ಯಾಕೆ ತಂದ್ಕೊಂಡೆ?’ ಎಂದು ಮತ್ತೆ ಗಾಜಿನ ಕಡೆ ತಿರುಗಿದ.

ಭಾನುವಾರ ಬೆಳಿಗ್ಗೆ ಗಿರಣಿಗೆ ರಜೆ. ಜಗಲಿಯ ಮೇಲೆ ಸಂಹಿತಾ ಕೂತಿದ್ದಳು, ಸುತ್ತಲೂ ಅಂಗಡಿಯವರು, ಪ್ರತಿಯೊಬ್ಬರ ತೊಡೆಯ ಮೇಲೂ ಒಂದೊಂದು ಟ್ಯಾಬ್. ನಾನು ರಾಗಿ ಡಬ್ಬವನ್ನು ಸೊಂಟದ ಮೇಲೆ ಹೊತ್ತು ಬಂದೆ. ನನ್ನ ಕೈಗೆ ಅದು ಪುರಿ ಚೀಲ. ಅದರ ಭಾರವನ್ನೆಲ್ಲ ಬೆನ್ನ ಮೇಲೆ ಹೊತ್ತ ನಂಜಕ್ಕ ಹಿಂದೆ ಹಿಂದೆ, ಗೋಡೆ ಹಿಡಿದುಕೊಂಡು, ಹೆಜ್ಜೆಗೊಮ್ಮೆ ನಿಂತು ಬರುತ್ತಿದ್ದಳು. ನಾನು ಡಬ್ಬವನ್ನು ಜಗಲಿಯ ಮೇಲೆ ಬಗ್ಗಿಸಿದೆ. ಕಲ್ಲುಗಳು ಕೂತವರ ಕಾಲುಗಳ ನಡುವೆ ಉರುಳಿ ಹೋದವು.

‘ಇವು ನಂಜಕ್ಕಂದಲ್ಲ. ನಮ್ಮವು’ ಅಂದೆ. ಹಿಂದಿದ್ದವರಿಗೆ ಕೇಳಿಸಲಿಲ್ಲ, ಅದಕ್ಕೆ ಇನ್ನೊಂದು ಸಲ ಹೇಳಿದೆ. ಕಂಡಿದ್ದನ್ನೆಲ್ಲ ಹೇಳಿದೆ. ನಿಂಗರಾಜಣ್ಣ ಮೊದಲು ಎದ್ದ. ‘ಏಯ್, ಅವಳಿಗೆ ಬಾಯಿ ಜಾಸ್ತಿ, ಯಾರಿಗೋ ಏನೋ ಅಂದಿರ್ತಾಳೆ. ನಮ್ಮ ತಲೆ ಮೇಲೆ ಯಾಕೆ ಹಾಕ್ತೀಯಮ್ಮ?’ ಅವನು ಮಾತು ಮುಗಿಸುವ ಮೊದಲೇ ಅವನ ಟ್ಯಾಬ್ ಟಿಂಗ್ ಎಂದಿತು. ಎಲ್ಲರೂ ನಂಜಕ್ಕನ ಕಡೆ ತಿರುಗಿದರು. ಗೋಡೆಗೊರಗಿ ನಿಂತಿದ್ದ ಅವಳ ಕೈಯಲ್ಲಿ ಹೊಸ ಕಲ್ಲಿತ್ತು. ಅವಳ ಬೆನ್ನು ಇನ್ನಷ್ಟು ಬಾಗಿತು. ನಿಂಗರಾಜಣ್ಣ ಕೂತುಬಿಟ್ಟ.

ಪರ್ವತಪ್ಪನವರು ಸಂಹಿತಾಳ ಕಡೆ ತಿರುಗಿದರು. ‘ಏನಮ್ಮ ಇದು? ಮೊದಲೇ ಹೇಳ್ಬಾರದಿತ್ತಾ?’ ಅವಳ ಮುಖ ಬಿಳಿಚಿಕೊಂಡಿತ್ತು. ‘ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ ಸಾರ್. ಎಷ್ಟು ಊರಲ್ಲಿ ಹಾಕಿದೀನಿ, ಯಾರೂ ಹೀಗೆ ಹೇಳಿಲ್ಲ. ಅಲ್ಲೆಲ್ಲ ಕಲ್ಲು ಕಾಣಲ್ಲ ಅಷ್ಟೆ.’ ಆಮೇಲೆ ಅವಳು ಒಂದು ಕಲ್ಲನ್ನು ಎತ್ತಿಕೊಂಡು ಬಹಳ ಹೊತ್ತು ಕೈಯಲ್ಲಿ ತಿರುಗಿಸಿದಳು. ಪರ್ವತಪ್ಪನವರ ಟ್ಯಾಬ್ ತೆಗೆದುಕೊಂಡು ಶುರುವಿನ ಪುಟಕ್ಕೆ ಹೋದಳು. ನಿಂಗರಾಜಣ್ಣನದನ್ನು ತೆಗೆದುಕೊಂಡಳು. ಚಕ್ಕುಲಿ ಅಂಗಡಿಯದು, ಇಸ್ತ್ರಿ ಅಂಗಡಿಯದು. ‘ಈ ಜಾಗ ಎಲ್ರೂ ಖಾಲಿ ಬಿಟ್ಟಿದೀರಲ್ಲ’ ಅಂದಳು. ‘ಬೇರೆ ಊರಲ್ಲಿ ಎಲ್ರೂ ಮೊದಲು ತುಂಬೋದೇ ಇದನ್ನ. ತಮ್ಮ ಹೆಸರು ಕಾಣ್ಲಿ ಅಂತ.’

ಅವಳು ಹೇಳಿದ್ದು ಯಾವ ಜಾಗವೆಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ. ನಮ್ಮ ಊರಿನವರು ಬಿಟ್ಟರೆ ಇನ್ನಾರೂ ಆ ಜಾಗವನ್ನು ಖಾಲಿ ಇಡುತ್ತಿರಲಿಲ್ಲ. ಪ್ರತಿಯೊಬ್ಬರೂ ಅಂದು ತಮ್ಮ ಅಂಗಡಿಯೊಳಗೆ, ಯಾರಿಗೂ ಗೊತ್ತಾಗದ ಹಾಗೆ, ಬೆರಳನ್ನು ಮುಂದಕ್ಕೆ ಸರಿಸಿದ್ದರು. ಅತ್ತೆ ಒಬ್ಬಳೇ ಹಾಗೆ ಮಾಡಿದ್ದು ಎಂದು ನಾನು ಅಂದುಕೊಂಡಿದ್ದೆ. ಇಮಾಮಣ್ಣ ಬೀದಿಯ ಆಚೆ ನಿಂತು ನೋಡುತ್ತಿದ್ದ.

‘ತೆಗೆದು ಬಿಸಾಕ್ಬಿಡೋಣ ಇದನ್ನ’ ಎಂದರು ಪರ್ವತಪ್ಪನವರು. ‘ಬಿಸಾಕಿದ್ರೆ ಇವು ಹೋಗ್ತವಾ?’ ಎಂದು ನಾನು ಜಗಲಿಯ ಮೇಲಿನ ಕಲ್ಲುಗಳನ್ನು ತೋರಿಸಿದೆ. ‘ಮಾತು ಕೊಟ್ಟಾಗಿದೆ. ಸಲೀಸು ಇರ್ಲಿ, ಅಳತೆ ಬರೀಲಿ, ಉತ್ತರ ಕೊಡ್ಲಿ. ಅದು ಒಳ್ಳೆ ಕೆಲಸಗಾರ. ಯಾರ ಪರವಾಗಿ ಕೊಡ್ತಾ ಇದೆ ಅಂತ ಅದಕ್ಕೆ ಹೇಳ್ಬೇಕು ಅಷ್ಟೆ.’ ‘ಹೇಳಿದ್ರೆ ಎಲ್ಲಾ ಒಟ್ಟಿಗೆ ಬತ್ತವೆ ಕಣಮ್ಮ’ ಎಂದು ಯಾರೋ ಹಿಂದಿನಿಂದ ಅಂದರು. ಧ್ವನಿಯಲ್ಲಿ ಕೋಪವಿರಲಿಲ್ಲ, ಹೆದರಿಕೆ ಇತ್ತು. ಎಲ್ಲರೂ ನಾಲ್ಕು ತಿಂಗಳು ನೆಟ್ಟಗೆ ನಡೆದವರು.

ನಾನು ನಮ್ಮ ಅಂಗಡಿಯ ಟ್ಯಾಬ್ ತೆಗೆದೆ. ‘ಯಾರ ಹೆಸರು ಬರೀತೀಯೇ?’ ಎಂದಳು ಅತ್ತೆ. ಜನರ ನಡುವೆ ಅವಳ ತಲೆ ಎಲ್ಲರಿಗಿಂತ ಎತ್ತರದಲ್ಲಿತ್ತು. ‘ನಂದು’ ಅಂದೆ. ‘ಅವತ್ತು ಅಳಿಸಿದ್ದು ನನ್ನ ಕೈ.’ ಮೊದಲು ಒಂದೇ ಅಕ್ಷರ ಬರೆದೆ, ಬೆರಳು ನಿಂತಿತು. ಯಾರೂ ಮಣಿಕಟ್ಟು ಹಿಡಿಯಲಿಲ್ಲ. ಪೂರ್ತಿ ಬರೆದೆ: ದಾಕ್ಷಾಯಿಣಿ. ಜಗಲಿಯ ಮೇಲಿನಿಂದ ನಮ್ಮ ಅಂಗಡಿಯ ಕಲ್ಲುಗಳು ಕಾಣೆಯಾದವು, ನನ್ನ ಸೆರಗು ತುಂಬಿ ಜಗ್ಗಿತು. ಹೆಗಲ ಮೇಲಿನ ಕೈಗಳು ಈಗ ಎರಡಲ್ಲ, ಇಪ್ಪತ್ತೋ ಮೂವತ್ತೋ. ನನ್ನ ಕಣ್ಣು ಜನರ ಮುಖದಿಂದ ಎದೆಗೆ, ಎದೆಯಿಂದ ಸೊಂಟಕ್ಕೆ ಇಳಿಯಿತು. ಕೂರಬೇಕೆನಿಸಿತು, ಕೂರಲಿಲ್ಲ. ಗೋಡೆಯ ಹತ್ತಿರ ನಂಜಕ್ಕ ಒಂದು ಗೇಣಿನಷ್ಟು ಮೇಲೆದ್ದಿದ್ದಳು. ಒಂದೇ ಗೇಣು. ಮಿಕ್ಕ ಕಲ್ಲುಗಳು ಇನ್ನೂ ಜಗಲಿಯ ಮೇಲೆಯೇ ಇದ್ದವು. ನನ್ನ ಬಲಗೈಯಲ್ಲಿ ನಿಂಬೆಹಣ್ಣಿನ ಕಲ್ಲು ಇನ್ನೂ ಗಟ್ಟಿಯಾಗಿ, ಬೆಚ್ಚಗೆ ಕೂತಿತ್ತು.

ಸಂಹಿತಾ ಎಲ್ಲರ ಟ್ಯಾಬಿನಲ್ಲೂ ಅದೇ ಪುಟ ತೆರೆದು ಸಾಲಾಗಿ ಇಟ್ಟಳು. ಎಲ್ಲದರಲ್ಲೂ ಅದೇ ಸಾಲು, ಅದೇ ಖಾಲಿ ಜಾಗ. ನನ್ನ ಹೆಸರಿನ ಪಕ್ಕದಲ್ಲಿ ಕೂಡ ಇನ್ನೊಂದು ಹೆಸರಿಗೆ ಜಾಗವಿತ್ತು. ನಾನು ಕತ್ತು ಎತ್ತಿ, ನೋವಾದರೂ ಎತ್ತಿಯೇ, ಪರ್ವತಪ್ಪನವರನ್ನು ನೋಡಿದೆ, ನಿಂಗರಾಜಣ್ಣನನ್ನು ನೋಡಿದೆ, ಕೊನೆಗೆ ಅತ್ತೆಯನ್ನು ನೋಡಿದೆ. ಅತ್ತೆ ತನ್ನ ಅಂಗೈಯನ್ನು ನೋಡಿಕೊಳ್ಳುತ್ತಿದ್ದಳು. ಬೀದಿಯಲ್ಲಿ ಕಲ್ಲು ತೊಳೆಯುವ ಹೊತ್ತಿನಷ್ಟು ನಿಶ್ಶಬ್ದ. ಆದರೆ ಈಗ ಮಾತಾಡಬಾರದೆಂಬ ನಿಯಮವೇನೂ ಇರಲಿಲ್ಲ.

‘ನಾನು ಬರ್ಕೋತೀನಿ’ ಅಂದೆ. ‘ಮುಂದಿನ ಹೆಸರು ಹೇಳಿ.’